ಮಳಿ ನೋಡೂ ಪೆಟ್ಟಿಗಿ

ಮಾಲಿ ಕೆಲಸದಾಗ ನಗೂವಂಥಾ ಪ್ರಸಂಗಕ್ಕ ಬರ ಇಲ್ಲ. ಆದ್ರ ಅವು ನಡಿಯೂ ಹೊತ್ತಿನಾಗ ನನಗೆಂದೂ ನಗು ಬಂದಿಲ್ಲ, ಎದಿ ಡವಡವ ಅಂದೈತಿ. ನಾನಾಗ ಕುಂಕಳ್ಳಿ ಕಡೆ ಸಮುದ್ರಕ್ಕ ಹತ್ತಿರದ ಒಂದು ಬಂಗಲೇದಾಗ ತೋಟ ನೋಡತಿದ್ದೆ. ಸಾಹೇಬ್ರು ನೀರು ಉಳಸಾಕ ಗೋಡಿಗೆ ಒಂದು ಪೆಟ್ಟಿಗಿ ಹಾಕಿಸಿದ್ರು.

ನನ್ನ ಕೆಲಸ

"ಬಿಸಲು ಹೆಚ್ಚಾದ್ರ ತಾನ ನೀರು ಹೆಚ್ಚು ಬಿಡತೈತಿ, ಮಳಿ ಬಂದ್ರ ತಾನ ಬಂದ್ ಮಾಡತೈತಿ," ಅಂದ ಅದನ್ನ ಕೂಡಿಸಿದ ಎಂಜಿನಿಯರ್.

ನಾ ಕೇಳಿದೆ, "ಮತ್ತ ನಾ ಏನ್ ಮಾಡ್ಲಿರೀ?"

"ನೀ ಅದಕ್ಕ ಕೈ ಹಚ್ಚಬ್ಯಾಡ."

ಹೆಂಡತಿ ಕೇಳಿ ಗಾಬರಿ ಆದ್ಲು. "ಪೆಟ್ಟಿಗಿ ಸಾಹೇಬ್ರ ನಾಯಿ ಅಡ್ಡಾಡಸತೈತೇನು?"

"ಇಲ್ಲ."

"ಹಂಗಾರ ನಾಳಿಂದ ನಾಯಿ ಕಾಲು ಹಿಡೀರಿ."

ಬುಸ್!

ಮರುದಿನ ಹುಲ್ಲಿನಾಗ ಕುಂತು ಕಳೆ ಕೀಳಾಕತ್ತಿದ್ದೆ. ಬೆನ್ನ ಹಿಂದ "ಬುಸ್!" ಅಂತು. ಹಾವು! ಕುಡಗೋಲು ಒಗದು ಓಡಿದೆ. ಓಡಿದ ಕಡೆನೂ ಬುಸ್. ನನ್ನ ಚೀರಾಟ ಕೇಳಿ ಬಂಗಲೇದಾಗ ಅಡಗಿ ಮಾಡೂ ಬಾಯಿ ಕೋಲು ಹಿಡದು ಬಂದ್ಲು. ಪೆಟ್ಟಿಗಿ ಹುಕುಮಿಲೆ ನೆಲದಾಗಿಂದ ಎದ್ದ ನಳ ಬುಸ್ ಅಂತ ಗಿರ್ರನ ತಿರುಗಿ ಇಬ್ಬರನ್ನೂ ತೋಯಿಸಿಬಿಡ್ತು.

ಅಕಿ ಮಾರಿ ಒರಸ್ಕೋತ ಅಂದ್ಲು, "ಮಷಿನ್ ಖರೇನ ನೀರು ಉಳಸತೈತಿ ಬಿಡ್ರಿ. ಇವತ್ತ ನಮ್ಮಿಬ್ಬರ ಜಳಕದ ನೀರು ಉಳೀತು."

ಬ್ಯಾಸಗ್ಯಾಗ ಮಳಿಗಾಲ

ಬ್ಯಾಸಗಿ ಬಂತು. ಪೆಟ್ಟಿಗಿ ನೀರು ಬಿಡೂದನ್ನ ನಿಲ್ಲಿಸಿಬಿಡ್ತು. ಆಕಾಶದಾಗ ಒಂದು ಮೋಡ ಇಲ್ಲ, ಪೆಟ್ಟಿಗಿ ಪರದೇ ಮ್ಯಾಲ ಮಾತ್ರ ಮಳಿ ಹನಿ ಚಿತ್ರ. ಹುಲ್ಲು ಸುಟ್ಟಂಗಾತು.

"ಪಾವ್ಸ್ ಖಂಯ್ ಆಸಾ?" ಅಂತ ಸಾಹೇಬ್ರು ಕೊಂಕಣಿಯೊಳಗ ಒದರಿದ್ರು. ಮಳಿ ಎಲ್ಲೈತಿ ಅಂತ ನನ್ನ ಕೇಳಿದ್ರ?

"ನಾ ಕೈ ಸುದ್ದಾ ಹಚ್ಚಿಲ್ರಿ."

"ಎಂಜಿನಿಯರ್ ಬರಲಿ. ನೀನ ಕೆಡಿಸಿದ್ದಾದ್ರ ಗಂಟು ಕಟ್ಟು."

ಕೆಲಸ ಹೋದ್ರ ತೋಟದ ಮೂಲ್ಯಾಗಿನ ಖೋಲಿನೂ ಹೋಗತಿತ್ತು, ಹೆಂಡತಿ ತುಂಬಿದ ಬಸರಿ. ಅಕಿಗೆ ಏನೂ ಹೇಳಲಿಲ್ಲ. ಅಕಿ ನನ್ನ ಮಾರಿ ನೋಡಿನ ಭಾಂಡೆ ಚೀಲಕ್ಕ ತುಂಬಾಕತ್ಲು.

ಎಂಜಿನಿಯರ್ ಬಂದು ಪೆಟ್ಟಿಗಿ ಬಿಚ್ಚಿ ನೋಡಿದ. "ಇದು ಚಲೋ ಐತಿ. ಮಳಿ ಗುರುತು ಹಿಡಿಯೂ ಗೂಟ ಗಚ್ಚಿ ಮ್ಯಾಲ ಐತಿ, ನಡೀರಿ."

ಯಾರರ ಅದನ್ನ ಮುರದಿದ್ರ? ಅವರಿಬ್ಬರ ಹಿಂದ ಮೆಟ್ಟಲ ಹತ್ತಿದೆ.

ಗೂಟ ಮುರದಿದ್ದಿಲ್ಲ. ಅದರ ಮ್ಯಾಲ ಒಂದು ಹಸಿ ಚಡ್ಡಿ, ಟಪ್ ಟಪ್ ಅಂತ ನೀರು ಸೋರಾಕತ್ತಿತ್ತು. ಬ್ಯಾಸಗಿ ಹತ್ತಿದಾಗಿಂದ ದಿನಾ ಮುಂಜಾನೆ ಸಮುದ್ರದಾಗ ಈಜಿ ಬಂದು ಸಾಹೇಬ್ರು ತಾವ ಅಲ್ಲಿ ಒಣ ಹಾಕತಿದ್ರು.

ಎಂಜಿನಿಯರ್ ಗಂಟಲು ಸರಿ ಮಾಡ್ಕೊಂಡು ಅಂದ, "ಮಷಿನ್ ಬರೋಬ್ಬರಿ ಐತ್ರಿ ಸಾಹೇಬ್ರ. ನಿಮ್ಮ ಚಡ್ಡಿ ಒಣಗೂ ತನಕಾ ಮಳಿಗಾಲ ಮುಗಿಯೂದಿಲ್ಲ."