ಟೋಪಿಗಳಿಗೆ ಸ್ನಾನ ಮಾಡಿಸಿದ್ದು

ನಮ್ಮವರು ತೀರಿಕೊಂಡ ಮೇಲೆ ನಾನೊಂದು ಶಪಥ ಮಾಡಿದೆ. ಮನೆಯೊಳಗೆ ಬೀಡುಬಿಟ್ಟ ಸೈನ್ಯವನ್ನು ಒಬ್ಬಳೇ ನಿಂತು ಹೊರಗಟ್ಟುತ್ತೇನೆ ಅಂತ. ಸೈನ್ಯ ಅಂದರೆ ಸಿಪಾಯಿಗಳಲ್ಲ, ಅವರ ಟೋಪಿಗಳು. ನೂರು ವರ್ಷದ ಹಿಂದೆ ಸೇನೆಯ ದೊಡ್ಡ ಮನುಷ್ಯರು ಮೆರವಣಿಗೆಗೆ ಹಾಕಿಕೊಳ್ಳುತ್ತಿದ್ದಂಥವು. ಗರಿ ಸಿಕ್ಕಿಸಿದ್ದು, ಜರಿ ಸುತ್ತಿದ್ದು, ನೆತ್ತಿಯ ಮೇಲೆ ಹಿತ್ತಾಳೆ ಮೊಳೆ ನಿಂತದ್ದು, ಕರಡಿ ಕೂದಲಿನದು.

ನಮ್ಮವರೇನು ಯುದ್ಧ ಮಾಡಿದವರಲ್ಲ, ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತರು. ಎಲ್ಲೆಲ್ಲಿಂದಲೋ ತಂದು ಪೇರಿಸಿ, ಕಿಟಕಿ ಇದ್ದ ಒಂದೇ ಕೋಣೆಯನ್ನು ಟೋಪಿಗಳಿಗೆ ಕೊಟ್ಟರು. ತಾವೂ ಅಲ್ಲೇ ಮಂಚ ಹಾಕಿಕೊಂಡರು. ನನಗೆ ಅಡುಗೆಮನೆಗೆ ಹೋಗುವ ಕತ್ತಲೆ ಓಣಿ.

"ಇಲ್ಲಿ ಉಸಿರು ಕಟ್ಟುತ್ತೆ ಕಣ್ರೀ" ಅಂದರೆ, "ಟೋಪಿಗೆ ಬೂಷ್ಟು ಬಂದರೆ ನೀನು ಹೊಣೆಯಾಗ್ತೀಯಾ?" ಅನ್ನೋರು. ದಿನಾ ಬೆಳಿಗ್ಗೆ ಮೆತ್ತನೆ ಬ್ರಷ್ಷಿನಲ್ಲಿ ಒಂದೊಂದನ್ನೂ ಸವರೋರು. ನನ್ನ ತಲೆನೋವಿಗೆ ಒಂದು ದಿನವೂ ಕೈ ಇಟ್ಟವರಲ್ಲ.

ಟೋಪಿಗಳನ್ನು ಒಯ್ಯಿರಿ ಅಂತ ಮ್ಯೂಸಿಯಂಗೆ ಕಾಗದ ಬರೆದೆ. ಅಲ್ಲಿನ ಅಧಿಕಾರಿ ನೋಡಲು ಬರುತ್ತೇನೆ ಅಂದಾಗ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅವರು ಒಯ್ದರೆ ಆ ಕಿಟಕಿ ನನ್ನದು! ಟೋಪಿಗಳು ಚೆನ್ನಾಗಿ ಕಾಣಲಿ ಅಂತ ದೊಡ್ಡ ಟಬ್ಬಿಗೆ ಬಿಸಿನೀರು, ಸೋಪಿನ ಪುಡಿ ಸುರಿದೆ. ತನ್ನಣ್ಣ ಸತ್ತಾಗ ನನಗೆ ಜೊತೆಗಿರಲು ಬಂದು ಇಲ್ಲೇ ಉಳಿದ ನಾದಿನಿ ಬಾಗಿಲಲ್ಲಿ ನಿಂತಿದ್ದಳು.

"ಅತ್ತಿಗೆ, ಅಣ್ಣ ಇವಕ್ಕೆ ನೀರು ಸೋಕಿಸ್ತಿರಲಿಲ್ಲ."

"ನಿಮ್ಮಣ್ಣ ತಾವು ಸ್ನಾನ ಮಾಡೋಕೇ ಸೋಮಾರಿ, ಟೋಪಿಗೆಲ್ಲಿ ಮಾಡಿಸ್ತಿದ್ರು? ನೆಂಟರು ಬರುವಾಗ ಮಕ್ಕಳ ಮುಖ ತೊಳೆಸಲ್ವೇನೇ?"

ಎಲ್ಲವನ್ನೂ ಒಟ್ಟಿಗೆ ಅದ್ದಿದೆ. ಕೆಂಪು ಗರಿ ಬಣ್ಣ ಬಿಟ್ಟು ಬಿಳಿ ಟೋಪಿ ಗುಲಾಬಿಯಾಯಿತು. ಅಂಟು ಹಾಕಿ ಕಟ್ಟಿದ ಆ ಟೋಪಿ ನೆನೆದು ಊದಿ, ಪದರ ಪದರವಾಗಿ ಬಿಚ್ಚಿಕೊಂಡಿತು. ಜರಿ ಕಪ್ಪಿಟ್ಟಿತು. ಕರಡಿಯ ಕೂದಲು ಹಿಡಿಹಿಡಿಯಾಗಿ ಕೈಗೆ ಬಂತು. ಹಿತ್ತಾಳೆಯನ್ನಾದರೂ ಉಳಿಸೋಣ ಅಂತ ಟೋಪಿಗಳ ಮುಂದಿದ್ದ, ಪಡೆಯ ಹೆಸರು ಕೊರೆದ ಬಿಲ್ಲೆಗಳನ್ನು ಬೂದಿ ಹಾಕಿ ತಿಕ್ಕಿದೆ. ಫಳಫಳ ಹೊಳೆದವು, ಮೇಲಿದ್ದ ಅಕ್ಷರಗಳೆಲ್ಲ ಅಳಿಸಿಹೋದವು.

ಅಧಿಕಾರಿ ಬಂದವರು ಒಂದು ಬಿಲ್ಲೆಯನ್ನು ಎತ್ತಿ ತಿರುಗಿಸಿ ನೋಡಿದರು.

"ಇದು ಯಾವ ಪಡೆಯದು ತಾಯಿ?"

"ತಿಕ್ಕೋಕೆ ಮುಂಚೆ ಅದರ ಮೇಲೇ ಬರೆದಿತ್ತು ಸ್ವಾಮಿ."

"ಹೀಗೆ ನಾವು ಒಯ್ಯೋಕಾಗಲ್ಲ. ಬಿಸಿಲು, ಗಾಳಿ ತಾಗದ ಜಾಗದಲ್ಲಿ ನಿಧಾನಕ್ಕೆ ಒಣಗಲಿ. ಒಂದೆರಡು ವರ್ಷ ಬಿಟ್ಟು ಬಂದು ನೋಡ್ತೀನಿ. ಕಿಟಕಿ ಇರೋ ಕೋಣೆಯಲ್ಲಿ ಮಾತ್ರ ಇಡಬೇಡಿ."

ಸತ್ಯ ಹೇಳುತ್ತೇನೆ, ನನಗೆ ಒಳಗೊಳಗೇ ಖುಷಿಯಾಯಿತು. ಮುಖ ಮಾತ್ರ ಸಪ್ಪಗೆ ಮಾಡಿಕೊಂಡು ಟೋಪಿಗಳನ್ನೆಲ್ಲ ಓಣಿಗೆ ಹೊತ್ತೊಯ್ದೆ. ನನ್ನ ಹಾಸಿಗೆ ಸುರುಳಿ ಸುತ್ತಿ, ಕಂಕುಳಲ್ಲಿ ಇರುಕಿಕೊಂಡು, ಗೆದ್ದ ದಳಪತಿಯ ಹಾಗೆ ಕೋಣೆಗೆ ಬಂದೆ.

ಕಿಟಕಿಯ ಕೆಳಗೆ, ತನ್ನಣ್ಣನ ಮಂಚದ ಮೇಲೆ, ನಾದಿನಿ ಕಾಲು ಚಾಚಿ ಮಲಗಿದ್ದಳು.

"ಅಣ್ಣನ ಟೋಪಿಗಳನ್ನಂತೂ ನೀವು ನೋಡಿಕೊಂಡಿರಿ, ಮಂಚವನ್ನಾದರೂ ನಾನು ನೋಡಿಕೊಳ್ತೀನಿ" ಅಂದಳು.

ಟಬ್ಬಿನಲ್ಲಿ ಕರಡಿಯ ಕೂದಲು ಇನ್ನೂ ತೇಲುತ್ತಿತ್ತು. ಹಾಸಿಗೆಯನ್ನು ಹಾಗೇ ಇರುಕಿಕೊಂಡು ಅಡುಗೆಮನೆಯ ಕಡೆ ಹೊರಟೆ.

"ಅತ್ತಿಗೆ, ಓಣಿಯಲ್ಲಿ ಮೆಲ್ಲಗೆ ಹೋಗಿ" ಅಂತ ಹಿಂದಿನಿಂದ ಕೂಗಿದಳು. "ನಿಮ್ಮ ಸೆರಗಿನ ಗಾಳಿ ತಾಗೀತು."