ಮೂಗಿಗೆ ಬಂದ ಅಂಕ

ಬೆಳಿಗ್ಗೆ ಬಂದ ಒಂದು ದೂರಿನ ಕಾಗದ ಮೈಕಣ್ಣನ ನೆಮ್ಮದಿ ಕೆಡಿಸಿತು. ಹದಿನೆಂಟು ವರ್ಷದಿಂದ ಬಸ್ ನಿಲ್ದಾಣದ ಮೈಕಿನಲ್ಲಿ ಬಸ್ಸುಗಳ ವೇಳೆ ಕೂಗುತ್ತಿದ್ದವನ ಮೇಲೆ ಯಾರೋ ಪ್ರಯಾಣಿಕ, 'ಈತ ಮೂಗಿನಲ್ಲಿ ಮಾತಾಡುತ್ತಾನೆ' ಎಂದು ಬರೆದಿದ್ದ.

"ದನಿ ಎಷ್ಟು ಮೂಗಿಂದ ಬರುತ್ತೆ ಅಂತ ಅಳೆಯೋ ಮಿಷನ್ ಆಸ್ಪತ್ರೇಲಿದ್ಯಂತೆ. ಸಂಜೆಯೊಳಗೆ ರಿಪೋರ್ಟ್ ತನ್ನಿ. ಸರಿಯಿಲ್ಲಾಂದ್ರೆ ಲಗೇಜ್ ಶೆಡ್ಡಿಗೆ ಹಾಕ್ತೀನಿ," ಎಂದರು ಮ್ಯಾನೇಜರು.

ಆ ಮೈಕೊಂದನ್ನು ಬಿಟ್ಟರೆ ಮೈಕಣ್ಣನ ಮಾತು ಕೇಳುವವರು ಮನೆಯಲ್ಲೂ ಇರಲಿಲ್ಲ. ಸುದ್ದಿ ಹಬ್ಬಿದ್ದೇ ತಡ, ಸಲಹೆಗಾರರು ಮುತ್ತಿಕೊಂಡರು. ಟಿಕೆಟ್ ಕೌಂಟರಿನಾಕೆ ಕುದಿನೀರಿನ ಹಬೆ ಹಿಡಿಸಿ ಮುಖ ಬೇಯಿಸಿದಳು. ಡ್ರೈವರೊಬ್ಬ, "ಬರೀ ಬಾಯಲ್ಲೇ ಮಾತಾಡೋ ಅಭ್ಯಾಸ ಆಗ್ಲಿ ಅಣ್ಣ," ಎಂದು ಬಟ್ಟೆ ಒಣಹಾಕುವ ಕ್ಲಿಪ್ಪನ್ನು ಮೂಗಿಗೆ ಸಿಕ್ಕಿಸಿದ. ಮಧ್ಯಾಹ್ನದ ಹೊತ್ತಿಗೆ ಮೂಗು ಬೆಂದ ಬೀಟ್‌ರೂಟಿನಂತಾಗಿತ್ತು.

ಆಸ್ಪತ್ರೆಗೆ ಜೊತೆಯಾದವನು ಉಗ್ರಾಣದ ಗುಮಾಸ್ತ, ಮ್ಯಾನೇಜರ ಭಾಮೈದ. ಅವನ ಮಾತೆಲ್ಲ ಮೂಗಿನಿಂದಲೇ ಹೊರಡುತ್ತಿತ್ತು. ಒಂದಕ್ಷರ ಅರ್ಥವಾದರೆ ಪುಣ್ಯ. ಆದರೆ ಮ್ಯಾನೇಜರ ಭಾಮೈದನ ಮೂಗಿನ ಮೇಲೆ ದೂರು ಕೊಡುವ ಎದೆಗಾರಿಕೆ ಯಾರಿಗಿದೆ?

ಮಾತಿನ ತಜ್ಞೆ ಮೈಕಣ್ಣನ ತಲೆಗೆ ಪಟ್ಟಿ ಬಿಗಿದು, ಮೂಗಿಗೂ ಬಾಯಿಗೂ ನಡುವೆ ತೆಳುವಾದೊಂದು ತಗಡನ್ನು ಅಡ್ಡ ನಿಲ್ಲಿಸಿದರು. ಅದರ ಮೇಲೊಂದು ಪುಟ್ಟ ಮೈಕು, ಕೆಳಗೊಂದು.

"ನಿಮ್ಮ ದನಿ ನೂರಕ್ಕೆ ಎಷ್ಟು ಪಾಲು ಮೂಗಿಂದ ಬರುತ್ತೆ ಅಂತ ಇದು ತೋರಿಸುತ್ತೆ. ಕಮ್ಮಿ ಬಂದ್ರೇನೇ ಒಳ್ಳೇದು. 'ಕಾಗೆ ಬೇಗ ಹಾರಿತು' ಅನ್ನಿ."

ಮೈಕಣ್ಣ ಬೆವರುತ್ತಾ ಕಾಗೆ ಹಾರಿಸಿದ. ಪರದೆಯ ಮೇಲೆ ಹನ್ನೆರಡು!

"ದನಿ ಚೆನ್ನಾಗಿದೆ. ಹೆದರ್ಬೇಡಿ, ಹೋಗಿ."

ಬಿಟ್ಟಿ ಪರೀಕ್ಷೆ ಎಂದರೆ ಭಾಮೈದ ಬಿಟ್ಟಾನೆಯೇ? ತಾನೂ ಕೂತು ಕಾಗೆ ಹಾರಿಸಿದ. ಅರವತ್ತೊಂದು. "ನೀವು ಚಿಕಿತ್ಸೆಗೆ ಬರ್ಲೇಬೇಕು," ಎಂದರು ತಜ್ಞೆ. ಅವನು ತಲೆಯಾಡಿಸಿ, ರಿಪೋರ್ಟನ್ನು ನಾಲ್ಕಾಗಿ ಮಡಚಿ ಜೇಬಿಗಿಳಿಸಿದ. ಮೈಕಣ್ಣನಿಗೆ ಖುಷಿಯಿಂದ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ನಿಲ್ದಾಣಕ್ಕೆ ಮರಳಿದಾಗ ಮ್ಯಾನೇಜರು ಭಾಮೈದನ ಜೇಬಿನದನ್ನೂ ತೆಗೆಸಿ, ಕನ್ನಡಕ ಏರಿಸಿ ಎರಡೂ ರಿಪೋರ್ಟು ನೋಡಿದರು. ಮುಖ ಗಂಟಾಯಿತು.

"ನೂರಕ್ಕೆ ಹನ್ನೆರಡಾ? ಪಾಸಾಗೋಕೆ ಮೂವತ್ತೈದಾದ್ರೂ ಬೇಡ್ವೇನ್ರೀ? ನಮ್ಮ ಭಾಮೈದನ್ನ ನೋಡಿ, ಫಸ್ಟ್ ಕ್ಲಾಸು!"

"ಸಾರ್, ಇದ್ರಲ್ಲಿ ಕಮ್ಮಿ ಬಂದೋರೇ..."

"ಫೇಲಾದೋರೆಲ್ಲ ಹೀಗೇ ಏನಾದ್ರೂ ಹೇಳ್ತಾರೆ. ನಡೀರಿ ಶೆಡ್ಡಿಗೆ!"

ಸಂಜೆಯ ಬಸ್ಸುಗಳಿಗೆ ಭಾಮೈದನೇ ಮೈಕು ಹಿಡಿದ. ನಿಲ್ದಾಣದ ತುಂಬ ಜನ ಗಂಟುಮೂಟೆ ಹೊತ್ತು ಅತ್ತಿಂದಿತ್ತ ಓಡತೊಡಗಿದರು. ಐದೇ ನಿಮಿಷದಲ್ಲಿ ಮ್ಯಾನೇಜರು ಏದುಸಿರು ಬಿಡುತ್ತಾ ಶೆಡ್ಡಿಗೆ ಬಂದರು.

"ರೀ ಮೈಕಣ್ಣ, ಅವ್ನು ಹೇಳಿದ್ದನ್ನ ಜನಕ್ಕೆ ಅರ್ಥವಾಗೋ ಹಾಗೆ ಕೂಗ್ರೀ!"

ಮೈಕಣ್ಣನ ಜೀವ ಮರಳಿ ಬಂತು. ತಲೆಯ ಮೇಲಿನ ಪೆಟ್ಟಿಗೆ ಇಳಿಸಿ, "ಮೈಕು ಕೊಡ್ಸಿ ಸಾರ್," ಎಂದ.

"ಹನ್ನೆರಡು ತಗೊಂಡೋರಿಗೆ ಮೈಕಾ? ಬಾಯಲ್ಲೇ ಕೂಗಿ!"