ತಂಗೆವ್ವ ನೋಡದ ಸೆಮಿಫೈನಲ್

ಹಿತ್ತಲ ನಲ್ಲಿಯ ಹತ್ತಿರ ಕುಕ್ಕರಗಾಲಲ್ಲಿ ಕುಳಿತು ತಂಗೆವ್ವ ಟಿಫಿನ್ ಕ್ಯಾರಿಯರಿನ ಮುಚ್ಚಳ ಉಜ್ಜುತ್ತಿದ್ದಳು. ಡಬ್ಬಿಗಳೆಲ್ಲ ಆಗಲೇ ತೊಳೆದು ಕಟ್ಟೆಯ ಮೇಲೆ ಬೋರಲು ಬಿದ್ದಿದ್ದವು. ಮುಚ್ಚಳವೂ ಬೆಳಗಿ ಎಷ್ಟೋ ಹೊತ್ತಾಗಿತ್ತು. ಆದರೂ ಹುಣಸೆಹಣ್ಣು ಹಿಡಿದ ಕೈ ನಿಲ್ಲಲಿಲ್ಲ. ಮನಸ್ಸು ಬೇರೆಲ್ಲೋ ಹೋಗಿರುವಾಗ ಕೈಗೆ ಸಾಕು ಅನ್ನುವವರು ಯಾರು? ಉಬ್ಬಿದ ಆ ಮುಚ್ಚಳದಲ್ಲಿ ಅವಳ ಮೂಗು ಬದನೆಕಾಯಿಯಷ್ಟಾಗಿ ಕಾಣುತ್ತಿತ್ತು. ಅದರ ಹಿಂದೆ ಆಕಾಶ, ಬಟ್ಟೆ ಒಣಹಾಕುವ ತಂತಿ, ಮಾಲೀಕರ ಮನೆಯ ಪಾರಿಜಾತ ಎಲ್ಲವೂ ಬೆನ್ನು ಬಾಗಿಸಿಕೊಂಡು ಒಳಗೆ ಬಂದು ಕೂತಿದ್ದವು.

ಆ ತಂತಿಯ ಮೇಲಿನಿಂದಲೇ ಅವಳು ಸಂಜೆ ಸಂಜೆ ರಾಜಶ್ರೀಗೆ ಚೆಂಡು ಎಸೆದದ್ದು. ಹೆಸರು ತಂಗೆವ್ವನಾದರೂ ಮನೆಗೆ ಹಿರಿಯವಳು ಅವಳೇ. ರಾಜಶ್ರೀ ಅವಳ ತಂಗಿ. ಬಾಗಲಕೋಟೆ ಕಡೆಯಿಂದ ಬಿಟಿಎಂ ಲೇಔಟಿಗೆ ಬಂದ ವರ್ಷ ತಂಗೆವ್ವ ಶಾಲೆ ಬಿಟ್ಟಳು. ಊರವರ ಸೀರೆಗಳಿಗೆ ಫಾಲ್ಸ್ ಹಚ್ಚುತ್ತ ಮನೆಯಲ್ಲೇ ಉಳಿದಳು. ರಾಜಶ್ರೀ ಓದಿದಳು, ತೆಂಗಿನ ಸಸಿಯ ಹಾಗೆ ಉದ್ದಕ್ಕೆ ಬೆಳೆದಳು, ಜಯನಗರದ ಹೆಣ್ಣುಮಕ್ಕಳ ಕಾಲೇಜಿನ ವಾಲಿಬಾಲ್ ತಂಡ ಸೇರಿದಳು. ಅವಳ ಸರ್ವ್ ಹೇಗಿರುತ್ತದೆಂದು ಬೀದಿಯವರೆಲ್ಲ ಕೈ ಬೀಸಿ ತೋರಿಸುತ್ತಿದ್ದರು. ತಂಗೆವ್ವ ಮಾತ್ರ ಒಂದು ಪಂದ್ಯವನ್ನೂ ನೋಡಿರಲಿಲ್ಲ. ಪ್ರತಿ ಸಲವೂ ಯಾರದೋ ಮದುವೆಯ ಸೀರೆ ಅಡ್ಡ ಬರುತ್ತಿತ್ತು.

ಈ ಸಲ ಸೆಮಿಫೈನಲ್. ಕಾಲೇಜು ಇಲ್ಲಿಯವರೆಗೆ ಬಂದದ್ದೇ ಮೊದಲು. ಬೆಳಿಗ್ಗೆ ಹೊರಡುವಾಗ ರಾಜಶ್ರೀ ಬೂಟಿನ ದಾರ ಕಟ್ಟುತ್ತ ಹೇಳಿದ್ದಳು: "ಯಕ್ಕಾ, ನನ್ನ ಸರ್ವ್ ಇವತ್ತು ನೀ ನೋಡಬೇಕು. ಉಳಿದವರು ಏನರ ಅನ್ಲಿ. ಹ್ಯಾಂಗಿತ್ತು ಅಂತ ನೀನ ಹೇಳಬೇಕು."

ತಂಗೆವ್ವ ನೋಡ್ತೀನಿ ಎಂದು ತಲೆಯಾಡಿಸಿದ್ದಳು. ಅವಳ ಪಾಲಿಗೆ ಅದು ಆಣೆ ಇಟ್ಟಷ್ಟೇ ಗಟ್ಟಿ.

ಮನೆ ಮಾಲೀಕ ಬದರಿನಾಥರಿಗೂ ಆ ದಿನ ದೊಡ್ಡದೇ. ವಿದ್ಯುತ್ ಇಲಾಖೆಯಲ್ಲಿ ಮೀಟರ್ ಪರೀಕ್ಷೆ ಮಾಡಿ ನಿವೃತ್ತರಾದವರು. ಆಟವನ್ನು ಗೆಲ್ಲಿಸುವವರು ಆಡುವವರಲ್ಲ, ನೋಡುವವರು ಎಂಬುದು ಅವರ ಅಚಲ ನಂಬಿಕೆ. ಒಮ್ಮೆ ಟೀವಿಯಲ್ಲಿ ಕ್ರಿಕೆಟ್ ನಡೆಯುವಾಗ ಅವರ ಹೆಂಡತಿ ಸತ್ಯಭಾಮಾ ಒಗ್ಗರಣೆ ಸೌಟು ಎತ್ತಿ ಹಿಡಿದ ಗಳಿಗೆಗೆ ಸರಿಯಾಗಿ ಸಿಕ್ಸರ್ ಬಿತ್ತು. ಆಟ ಮುಗಿಯುವವರೆಗೆ ಆಕೆ ಸೌಟು ಕೆಳಗಿಳಿಸುವಂತಿರಲಿಲ್ಲ. ಆ ದಿನ ಇಂಡಿಯಾ ಗೆದ್ದಿತು, ಸಾರು ಸೀದುಹೋಯಿತು. ಇವತ್ತು ಅದೇ ಸತ್ಯಭಾಮಾ ತಂಡಕ್ಕೆಂದು ಪುಳಿಯೋಗರೆ ಕಲಸಿ, ತಂಗೆವ್ವ ಬೆಳಗಿಟ್ಟ ಕ್ಯಾರಿಯರಿಗೆ ತುಂಬಿದರು. ಮಹಡಿಯ ಬಾಡಿಗೆಯವನು, ಬಸ್ ಕಂಡಕ್ಟರ್ ಸಂಜೀವಯ್ಯ, ರಜೆ ಹಾಕಿ ಜೊತೆಗೆ ಹೊರಟ. ಸೀಟಿ ಮಾತ್ರ ಜೇಬಿನಲ್ಲೇ ಇತ್ತು. ಅದಿಲ್ಲದೆ ಉಸಿರು ಕಟ್ಟುತ್ತದಂತೆ ಅವನಿಗೆ.

ಕಾಲೇಜಿನ ಮೈದಾನದ ಒಂದು ಬದಿಗೆ ಸಿಮೆಂಟಿನ ಮೆಟ್ಟಿಲು, ಅದರ ಮೇಲೆ ಹೊಂಗೆಮರಗಳ ನೆರಳು. ಕೆಂಪು ಮಣ್ಣಿಗೆ ನೀರು ಚಿಮುಕಿಸಿ ಸುಣ್ಣದ ಗೆರೆ ಎಳೆದಿದ್ದರು. ಸಂಜೆಯ ಬಿಸಿಲು ಜೇನಿನ ಹಾಗೆ ನಿಧಾನಕ್ಕೆ ಇಳಿಯುತ್ತಿತ್ತು. ನೀಲಿ ಅಂಗಿ ತೊಟ್ಟ ರಾಜಶ್ರೀ ಗೆರೆಯ ಹಿಂದೆ ಚೆಂಡು ಹಿಡಿದು ನಿಂತಾಗ, ಇಷ್ಟು ಚೆಂದದ ಹುಡುಗಿ ನಮ್ಮ ಮನೆಯಲ್ಲಿ ಚಾಪೆ ಮೇಲೆ ಮಲಗುತ್ತಾಳೆಯೇ ಎಂದು ತಂಗೆವ್ವನಿಗೆ ಅನ್ನಿಸಿತು. ಅವಳು ಕಣ್ಣು ಮಿಟುಕಿಸದೆ ನೋಡಿದಳು.

ಸರ್ವ್ ನೆಟ್ಟಿಗೆ ಹೋಯಿತು.

ಮುಂದಿನದು ಗೆರೆ ದಾಟಿ, ಗೇಟಿನ ಹತ್ತಿರ ನಿಂತಿದ್ದ ಕಡ್ಲೇಕಾಯಿ ಗಾಡಿಯವರೆಗೆ ಹೋಯಿತು. ಎದುರಾಳಿಗಳು ಮಲ್ಲೇಶ್ವರದ ಕಡೆಯ ಕಾಲೇಜಿನವರು. ನೋಡನೋಡುತ್ತ ಮೊದಲ ಸೆಟ್ ಗೆದ್ದುಕೊಂಡರು.

ಎರಡನೆಯ ಸೆಟ್ ಶುರುವಾಗುವ ಹೊತ್ತಿಗೆ ತಂಗೆವ್ವನ ಚಪ್ಪಲಿಯ ಉಂಗುಷ್ಠ ಕಿತ್ತುಹೋಯಿತು. ಪಿನ್ನು ಹಾಕಲು ಬಗ್ಗಿದಳು. ಮೆಟ್ಟಿಲುಗಳೆಲ್ಲ ಹೋ ಎಂದವು: ಪಾಯಿಂಟು. ತಲೆ ಎತ್ತಿದಳು, ಚೆಂಡು ನೆಟ್ಟಿಗೆ. ಪಿನ್ನು ಸರಿಯಾಗಿ ಕೂತಿಲ್ಲವೆಂದು ಮತ್ತೆ ಬಗ್ಗಿದಳು, ಮತ್ತೆ ಪಾಯಿಂಟು. ಪಕ್ಕದಲ್ಲಿದ್ದ ಬದರಿನಾಥರು ಕನ್ನಡಕ ಒರೆಸಿ ಹಾಕಿಕೊಂಡರು. ಆಮೇಲೆ ಆಟ ನೋಡುವುದು ಬಿಟ್ಟು ಅವಳನ್ನೇ ನೋಡತೊಡಗಿದರು. ಸ್ವಲ್ಪ ಕಣ್ಣು ಮುಚ್ಚು ಅಂದರು. ಮುಚ್ಚಿದಳು, ಪಾಯಿಂಟು ಬಂತು. ಈಗ ತೆಗಿ ಅಂದರು. ತೆಗೆದಳು, ಹೋಯಿತು.

"ನೋಡಮ್ಮ, ತಪ್ಪು ತಿಳ್ಕೋಬೇಡ," ಎಂದರು ಬದರಿನಾಥರು, ಮೀಟರಿಗೆ ಸೀಲು ಒತ್ತುವವರ ಗಾಂಭೀರ್ಯದಲ್ಲಿ. "ಸರ್ವಿಸ್ ಪೂರ್ತಿ ಮೀಟರ್ ಟೆಸ್ಟ್ ಮಾಡ್ದೋನು ನಾನು. ರೀಡಿಂಗು ಸುಳ್ಳು ಹೇಳಲ್ಲ. ನೀನು ಆ ಕಡೆ ತಿರುಗಿ ಕೂತ್ಕೋ."

ತಂಗೆವ್ವ ಇನ್ನೊಂದು ಪಕ್ಕದಲ್ಲಿ ಕೂತಿದ್ದ ಅವ್ವನ ಮುಖ ನೋಡಿದಳು. ಅವ್ವ ಶಂಕ್ರವ್ವ ಯಾರ ಮಾತಿಗೂ ಸೊಪ್ಪು ಹಾಕುವವಳಲ್ಲ, ಇದಕ್ಕೂ ಹಾಕಲಿಕ್ಕಿಲ್ಲ ಎಂಬ ಆಸೆ.

"ಒಂದ್ ತಾಸು ಆ ಕಡಿ ಮಾರಿ ಮಾಡಿ ಕುಂತ್ರ ನಿನ್ನ ಗಂಟೇನ್ ಹೋಗ್ತೈತಿ?" ಅಂದಳು ಶಂಕ್ರವ್ವ. "ತಂಗಿ ಗೆಲ್ಲೂದು ಬ್ಯಾಡೇನು ನಿನಗ?"

ಹೀಗೆ ತಂಗೆವ್ವ ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಿನಲ್ಲಿ, ಮೈದಾನಕ್ಕೆ ಬೆನ್ನು ಮಾಡಿ, ಜನಕ್ಕೆ ಎದುರಾಗಿ ಕುಳಿತಳು. ಅಂಗಡಿಯಲ್ಲಿ ಬೆಂಕಿಪೊಟ್ಟಣ ಕೇಳಲೂ ನಾಚುವ ಹುಡುಗಿಯ ಎದುರಿಗೆ ಈಗ ಮೆಟ್ಟಿಲು ತುಂಬ ಕಣ್ಣುಗಳು. ಮೊದಲು ಅವಳಿಗೆ ಭೂಮಿ ಬಾಯಿ ತೆರೆಯಬಾರದೇ ಅನ್ನಿಸಿತು. ಆಮೇಲೆ ನಿಧಾನಕ್ಕೆ ತಿಳಿಯಿತು, ಆ ಕಣ್ಣುಗಳಲ್ಲಿ ಒಂದೂ ಅವಳನ್ನು ನೋಡುತ್ತಿಲ್ಲ. ಎಲ್ಲ ಅವಳ ನೆತ್ತಿಯ ಮೇಲಿನಿಂದ ಹಾದುಹೋಗುತ್ತಿವೆ. ಚೆಂಡು ಎತ್ತರಕ್ಕೆ ಹೋದಾಗ ಎಲ್ಲರ ಗದ್ದಗಳೂ ಒಟ್ಟಿಗೆ ಏಳುತ್ತಿದ್ದವು, ಗಾಳಿಗೆ ರಾಗಿಯ ಹೊಲ ಎದ್ದ ಹಾಗೆ. ಚೆಂಡು ಆ ಕಡೆ ಹೋದರೆ ಮುಖಗಳು ಆ ಕಡೆ, ಈ ಕಡೆ ಬಂದರೆ ಈ ಕಡೆ. ಸತ್ಯಭಾಮಾರ ಬಾಯಿ ಸಣ್ಣಗೆ ತೆರೆದರೆ ರಾಜಶ್ರೀ ಸರ್ವ್‌ಗೆ ನಿಂತಿದ್ದಾಳೆ ಎಂದರ್ಥ. ಅವ್ವ ಸೆರಗಿನ ತುದಿ ಕಚ್ಚಿದರೆ ಚೆಂಡು ಕೆಳಗೆ ಬೀಳುವುದರಲ್ಲಿದೆ ಎಂದು. ಪಾಯಿಂಟು ಬಂದಾಗಲೆಲ್ಲ ಆ ಜನವೆಲ್ಲ ಅವಳಿಗೇ ಎಂಬಂತೆ ಚಪ್ಪಾಳೆ ತಟ್ಟಿತು. ತನ್ನ ಮದುವೆಯೋ, ಸನ್ಮಾನವೋ ಏನೋ ನಡೆಯುತ್ತಿದೆ, ಕಾರಣ ಮಾತ್ರ ತನಗೊಬ್ಬಳಿಗೇ ಹೇಳಿಲ್ಲ ಎಂಬಂತೆ ತಂಗೆವ್ವ ನಗುತ್ತ ಕುಳಿತಳು. ಎರಡನೆಯ ಸೆಟ್ ರಾಜಶ್ರೀಯ ತಂಡದ್ದಾಯಿತು.

ಕೆಡಿಸಿದವನು ಸಂಜೀವಯ್ಯ. ಗುಟ್ಟು ಅವನ ಹೊಟ್ಟೆಯಲ್ಲಿ ನಿಲ್ಲುವುದು ಬಸ್ಸು ಸ್ಟಾಪಿನಲ್ಲಿ ನಿಲ್ಲುವಷ್ಟು ಹೊತ್ತು ಮಾತ್ರ. ಕಡ್ಲೇಕಾಯಿ ತರಲು ಹೋದವನು ಆ ಕಡೆಯ ಅಭಿಮಾನಿಗಳ ಮುಂದೆ, ಆ ಹುಡುಗಿ ತಿರುಗಿ ನೋಡದಿದ್ದರೆ ನಾವು ಗೆದ್ದಂತೆಯೇ ಎಂದು ಕೊಚ್ಚಿಕೊಂಡು ಬಂದ. ಅಲ್ಲಿಂದ ಶುರುವಾಯಿತು. ಆ ಕಡೆಯ ಹುಡುಗಿಯರು ಒಬ್ಬೊಬ್ಬರಾಗಿ ಬಂದು ತಂಗೆವ್ವನನ್ನು ವಿಚಾರಿಸಿಕೊಳ್ಳತೊಡಗಿದರು. ಒಬ್ಬಳು ಕುಡಿಯಲು ನೀರು ತಂದಳು. ಇನ್ನೊಬ್ಬಳು, "ಅಕ್ಕ, ಪಾಪ ನೀವ್ಯಾಕೆ ಹೀಗೆ ಕೂತಿದ್ದೀರ? ನಮ್ಮ ಕಡೆ ಬನ್ನಿ, ಮುಂದಿನ ಸೀಟು ಬಿಡಿಸ್ಕೊಡ್ತೀವಿ, ಅಲ್ಲಿಂದ ಸಖತ್ತಾಗಿ ಕಾಣತ್ತೆ," ಅಂದಳು. ಇಡೀ ಮೈದಾನದಲ್ಲಿ ಅವಳು ಆಟ ನೋಡಲಿ ಎಂದು ಮನಸಾರೆ ಬಯಸಿದವರು ಅವರೇ. ಅವರು ಶತ್ರುಗಳು ಎಂಬುದೊಂದೇ ತೊಂದರೆ.

ತಂಗೆವ್ವ ಅಲ್ಲಾಡಲಿಲ್ಲ. ಕೊನೆಗೆ ಬೆನ್ನ ಹಿಂದಿನಿಂದ ಯಾರೋ, ಅಕ್ಕ, ನಿಮ್ಮ ದುಪಟ್ಟಾ ಮೇಲೆ ಜೇನ್ನೊಣ ಎಂದರು. ಅವಳು ಗಾಬರಿಯಿಂದ ತಿರುಗಿದಳು. ಜೇನ್ನೊಣ ಇರಲಿಲ್ಲ. ನೀಲಿ ಅಂಗಿಯೊಂದು ಗಾಳಿಯಲ್ಲಿ ಎದ್ದದ್ದು ಕಣ್ಣಿಗೆ ಬಿತ್ತು, ಅಷ್ಟೇ. ಚೆಂಡು ಹೊರಗೆ ಹೋಯಿತು, ಅದರ ಹಿಂದೆಯೇ ಮೂರನೆಯ ಸೆಟ್ಟೂ ಹೋಯಿತು. ಸಿಟ್ಟಿಗೆದ್ದ ಸಂಜೀವಯ್ಯ ಅಭ್ಯಾಸಬಲದಿಂದ ಸೀಟಿ ಊದಿದ. ಮುಂದಿನ ಸರ್ವ್‌ಗೆ ನಿಂತವಳು ಗಲಿಬಿಲಿಯಾಗಿ ಚೆಂಡು ಕೆಳಗಿಟ್ಟಳು. ಅಂಪೈರು ಏಣಿಯಿಂದ ಇಳಿದು ಬಂದು ಅವನನ್ನು ಗೇಟಿನಾಚೆ ಕಳಿಸಿದರು. ಬಯ್ಗುಳವೆಲ್ಲ ತಂಗೆವ್ವನ ಪಾಲಿಗೆ ಉಳಿಯಿತು. ಹಿಂದಿನ ಸಾಲಿನ ಗುರುತಿಲ್ಲದ ಅಜ್ಜಿಯೊಬ್ಬರು ಕೂಡ, ಅಷ್ಟೊಂದು ಚಪಲ ಇರಬಾರದಮ್ಮ ಹೆಣ್ಣುಮಕ್ಕಳಿಗೆ, ಎಂದು ಬುದ್ಧಿ ಹೇಳಿದರು.

ಆತಂಕಕ್ಕೆ ಬದರಿನಾಥರಿಗೆ ಹಸಿವಾಯಿತು. ಕ್ಯಾರಿಯರ್ ಬಿಚ್ಚಿಸಿ, ತಂಡಕ್ಕೆಂದು ತಂದ ಪುಳಿಯೋಗರೆಯನ್ನು ತಾವೇ ಶುರುಮಾಡಿದರು. ಮುಚ್ಚಳ ಇಡಲು ಜಾಗ ಕಾಣದೆ ಅದನ್ನು ತಂಗೆವ್ವನ ಕೈಗೆ ಕೊಟ್ಟರು. "ಇದನ್ನ ತೊಡೆ ಮೇಲಿಟ್ಕೊಂಡು ಇದನ್ನೇ ನೋಡ್ತಾ ಕೂತಿರು. ಯಾರು ಏನಂದ್ರೂ ಕತ್ತು ಎತ್ತಬೇಡ."

ಅವಳು ಕತ್ತು ಬಗ್ಗಿಸಿದಳು. ಮುಚ್ಚಳದಲ್ಲಿ ಮೊದಲು ಅದೇ ಬದನೆಕಾಯಿ ಮೂಗು ಕಂಡಿತು. ಮುಚ್ಚಳವನ್ನು ಕೊಂಚ ಓರೆ ಮಾಡಿದಳು. ಮೂಗು ಜಾರಿ ಅಂಚಿಗೆ ಹೋಯಿತು, ಅವಳ ಭುಜದಾಚೆಯಿಂದ ಇಡೀ ಮೈದಾನ ಮೆಲ್ಲಗೆ ಒಳಗೆ ಬಂದು ನಿಂತಿತು.

ತಂಗೆವ್ವ ಉಸಿರು ಬಿಗಿಹಿಡಿದಳು. ಅಂಗೈಯಗಲದ ಕೆಂಪು ನೆಲ, ಎಳೆಯಷ್ಟು ಸಣ್ಣ ನೆಟ್ಟು, ಸುತ್ತ ಬಿಲ್ಲಿನಂತೆ ಬಾಗಿದ ಹೊಂಗೆಮರಗಳು. ಅದರ ನಡುವೆ ನೀಲಿ ಹುಡುಗಿಯರು ಕೊಳದ ಮೀನುಗಳ ಹಾಗೆ ತೇಲುತ್ತ ಸೇರುತ್ತಿದ್ದರು, ಚದುರುತ್ತಿದ್ದರು. ಸಬ್ಬಕ್ಕಿ ಕಾಳಿನಂಥ ಚೆಂಡು ಏರಿ, ಅಂಚಿಗೆ ಬಂದಾಗ ಉದ್ದವಾಗಿ, ಮತ್ತೆ ಗುಂಡಗಾಗಿ ಇಳಿಯುತ್ತಿತ್ತು. ಅಲ್ಲಿ ಗದ್ದಲವಿರಲಿಲ್ಲ, ಗದ್ದಲವೆಲ್ಲ ಹೊರಗಿನದು. ರಾಜಶ್ರೀ ಅದ್ಯಾವಾಗ ಎಡಚಿಯಾದಳೋ ಎಂದು ಒಂದು ಗಳಿಗೆ ಗಾಬರಿಯಾಗಿ, ಕನ್ನಡಿಯ ಗುಣ ನೆನಪಾಗಿ ಅವಳು ತನ್ನೊಳಗೇ ನಕ್ಕಳು. ಮುಚ್ಚಳದ ರಾಜಶ್ರೀ ಎಡಗೈಯಲ್ಲಿ ಬೀಸಿದಳು. ಹೊರಗೆ ಮೆಟ್ಟಿಲುಗಳು ಹೋ ಎಂದವು.

ತಂಗೆವ್ವ ನೋಡುತ್ತಿದ್ದಳು, ತಂಡ ಗೆಲ್ಲುತ್ತಿತ್ತು. ಇದು ಅವಳೊಬ್ಬಳಿಗೇ ಗೊತ್ತಿದ್ದ ಸಂಗತಿ. ಬಾಯಲ್ಲಿ ಬೆಲ್ಲದ ಚೂರು ಇಟ್ಟುಕೊಂಡವಳ ಹಾಗೆ ತುಟಿ ಬಿಗಿದುಕೊಂಡಳು. ನಾಲ್ಕನೆಯ ಸೆಟ್ ಗೆದ್ದರು. ಐದನೆಯದರಲ್ಲಿ ಸಮಸಮ ಎಳೆದಾಡಿ, ಕೊನೆಗೆ ಒಂದೇ ಪಾಯಿಂಟು ಬಾಕಿ ಉಳಿಯಿತು. ಸತ್ಯಭಾಮಾ ಅನ್ನದ ಸೌಟನ್ನು ಎತ್ತಿದ್ದು ಎತ್ತಿದಂತೆಯೇ ಹಿಡಿದಿದ್ದರು. ಬೆಳಗಿದ ಉಕ್ಕಿನೊಳಗೆ ಪುಟ್ಟ ರಾಜಶ್ರೀ ಚೆಂಡನ್ನು ನೆಲಕ್ಕೆ ಬಡಿದಳು, ಮೇಲೆ ನೋಡಿದಳು, ಬೀಸಿದಳು. ಸಬ್ಬಕ್ಕಿ ಕಾಳು ನೆಟ್ಟು ದಾಟಿ ಮೂಲೆಗೆ ಇಳಿಯಿತು. ಯಾರೂ ಮುಟ್ಟಲಾಗಲಿಲ್ಲ.

ಆಮೇಲೆ ಅಪ್ಪುಗೆಗಳು, ಧೂಳು, ಗೇಟಿನಾಚೆಯಿಂದ ಸಂಜೀವಯ್ಯನ ಸೀಟಿ. ರಾಜಶ್ರೀ ಎಲ್ಲರನ್ನೂ ಸರಿಸಿಕೊಂಡು ಓಡಿಬಂದಳು. "ಯಕ್ಕಾ, ಕಡೀ ಸರ್ವ್ ನೋಡಿದೇನು?"

ಉತ್ತರ ಕೊಟ್ಟವರು ಉಳಿದವರು. ಅವಳು ನೋಡಲೇ ಇಲ್ಲ, ಅದಕ್ಕೇ ನೀನು ಗೆದ್ದದ್ದು, ಕಾಲಿಗೆ ಬೀಳು ಎಂದರು ಬದರಿನಾಥರು. ಒಂದು ಸಲ ತಿರುಗಿದ್ದಕ್ಕೆ ಒಂದು ಸೆಟ್ಟೇ ಹೋಗಿತ್ತು ಎಂದು ಶಂಕ್ರವ್ವ ಸೇರಿಸಿದಳು. ರಾಜಶ್ರೀಯ ಮುಖ ಬಾಡಿತು.

ಆ ಮುಖ ನೋಡಲಾಗದೆ ತಂಗೆವ್ವ, ನಾಲ್ಕು ಜನರ ನಡುವೆ ಎಂದೂ ದನಿ ತೆಗೆಯದವಳು, ದನಿ ತೆಗೆದಳು.

"ನೋಡೀನಿ. ಈ ಮುಚ್ಚಳದಾಗ ಎಲ್ಲಾ ನೋಡೀನಿ. ಕಡೀ ಸರ್ವಿಗೆ ಮೂರ್ ಸಲ ಚೆಂಡು ನೆಲಕ್ಕ ಬಡದಿ. ಆಮ್ಯಾಲೆ ನಮ್ಮ ಬಟ್ಟಿ ತಂತಿ ನೋಡ್ತಿದ್ದಿ ಅಲ್ಲ, ಹಂಗ ಮ್ಯಾಲ ನೋಡಿ ಹೊಡದಿ. ಭಾಳ ಚಂದಿತ್ತು."

ರಾಜಶ್ರೀಯ ಕಣ್ಣು ತುಂಬಿ ಬಂತು. ತಾನು ನೋಡಿಯೂ ತಂಗಿ ಗೆದ್ದಿದ್ದಾಳೆ, ಅಲ್ಲಿಗೆ ಆ ಶಾಪದ ಮಾತೆಲ್ಲ ಸುಳ್ಳಾಯಿತು ಎಂದು ತಂಗೆವ್ವನಿಗೆ ಎದೆ ಹಗುರಾಯಿತು. ಫೈನಲ್‌ನಲ್ಲಿ ಮೇಲಿನ ಮೆಟ್ಟಿಲಿನಲ್ಲಿ, ಮೈದಾನಕ್ಕೆ ಮುಖ ಮಾಡಿ ಕುಳಿತ ತನ್ನನ್ನು ಅವಳು ಆಗಲೇ ಕಂಡುಬಿಟ್ಟಿದ್ದಳು.

ಬದರಿನಾಥರು ಮುಚ್ಚಳವನ್ನು ಅವಳ ಕೈಯಿಂದ ತೆಗೆದುಕೊಂಡರು. ಬೆಳಕಿಗೆ ಹಿಡಿದರು, ತಿರುಗಿಸಿದರು, ಬೆರಳಿನಿಂದ ಒಮ್ಮೆ ತಟ್ಟಿ ಕಿವಿಗಿಟ್ಟುಕೊಂಡರು.

"ಹಾಗಾದ್ರೆ ಗುಣ ಇದರದ್ದು," ಎಂದರು ಕೊನೆಗೆ. "ಕೊನೇ ಎರಡು ಸೆಟ್ಟೂ ಇದರಲ್ಲೇ ನೋಡಿದಾಳೆ, ಎರಡೂ ಬಂದಿದೆ. ಬರೀ ಬೆನ್ನು ತಿರುಗಿಸಿದ್ರೆ ಸಾಲದು. ನಾನೇ ತಾನೆ ಇದನ್ನ ನೋಡು ಅಂದಿದ್ದು?"

ತಂಗೆವ್ವ ರಾಜಶ್ರೀಯ ಕಡೆ ನೋಡಿದಳು. ಅವಳೊಬ್ಬಳು ಬೇಡ ಅಂದರೆ ಸಾಕಿತ್ತು. ರಾಜಶ್ರೀ ಮುಚ್ಚಳ ನೋಡಿದಳು, ಅಕ್ಕನನ್ನು ನೋಡಿದಳು, ಅಂಗೈಯ ಮಣ್ಣು ಒರೆಸಿಕೊಂಡಳು.

"ಯಕ್ಕಾ," ಅಂದಳು ಮೆಲ್ಲಗೆ, "ಆದಿತ್ಯವಾರ ಫೈನಲ್ಲಿಗೆ ಬರೂವಾಗ ಅದನ್ನ ಮರೀಬ್ಯಾಡ."

ಬಸ್ಸಿನಲ್ಲಿ ಫೈನಲ್ಲಿನ ಏರ್ಪಾಡೆಲ್ಲ ಮುಗಿಯಿತು. ಅದೇ ಪುಳಿಯೋಗರೆ, ಅದೇ ಮೆಟ್ಟಿಲು. ಸಂಜೀವಯ್ಯ ಮೊದಲಿನಿಂದಲೇ ಗೇಟಿನಾಚೆ. ಅಲ್ಲಿಯವರೆಗೆ ಮುಚ್ಚಳ ತೊಳೆಯಬಾರದೆಂದು ಸತ್ಯಭಾಮಾ ಎಚ್ಚರಿಸಿದರು. ಬದರಿನಾಥರು ಅದನ್ನು ಟವೆಲಿನಲ್ಲಿ ಸುತ್ತಿ, ದೇವರ ಪ್ರಸಾದದಂತೆ ಎದೆಗೆ ಹಿಡಿದು ಕುಳಿತಿದ್ದರು. ದೀಪ ಹೊತ್ತುವ ಹೊತ್ತು. ಕಿಟಕಿಯ ಗಾಜಿನಲ್ಲಿ ಜಯನಗರದ ಮರಗಳ ಮೇಲೆ ಎಲ್ಲರ ಮುಖಗಳೂ ತೇಲುತ್ತ ಬರುತ್ತಿದ್ದವು: ಅವ್ವ, ಮಾಲೀಕರು, ಅವಳ ಭುಜಕ್ಕೆ ಒರಗಿ ಕಣ್ಣು ಮುಚ್ಚಿದ ರಾಜಶ್ರೀ. ಬಸ್ಸು ಈಸ್ಟ್ ಎಂಡ್ ಸರ್ಕಲ್ಲಿನ ಬಳಿ ತಿರುಗಿತು. ತಂಗೆವ್ವ ಗಾಜಿನಲ್ಲಿದ್ದವರನ್ನೇ ಕೇಳಿದಳು.

"ಫೈನಲ್‌ದಾಗ ಒಂದ ಸರ್ವ್ ಅಷ್ಟ ತಿರುಗಿ ನೋಡ್ಲೇನು?"